ಈ ಡಬ್ಬಿ ಯಾರದ್ದು?

ನಮ್ಮ ಬಿಲ್ಡಿಂಗ್‌ನ ಐದು ಮನೆಯವರು ತಿಂಗಳಿಗೊಮ್ಮೆ ಟೆರೇಸ್ ಮೇಲೆ ಕೂತು ಒಟ್ಟಿಗೆ ಊಟ ಮಾಡುತ್ತೇವೆ. ಮನೆಗೊಂದು ಅಡುಗೆ. ಕೇಳೋಕೆ ಸುಲಭ. "ಭಾನುವಾರ ಯಾರ್ಯಾರು ಏನೇನು ತರ್ತೀರಿ?" ಅಂತ ವಾಟ್ಸಾಪ್‌ನಲ್ಲಿ ಕೇಳಿದರೆ ಐದು ಹೆಬ್ಬೆರಳು ಬರುತ್ತವೆ. ಅಡುಗೆಯ ಹೆಸರು ಒಂದೂ ಬರುವುದಿಲ್ಲ.

ಹೀಗಾಗಿಯೇ ಜನವರಿಯಲ್ಲಿ ಅವರೆಕಾಳು ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಅಕ್ಕಿರೊಟ್ಟಿ, ಹಿತಕಿದ ಬೇಳೆ ಹುಳಿ ಸಾಲಾಗಿ ಬಂದು ಕೂತವು. ತಪ್ಪು ಯಾರದ್ದೂ ಅಲ್ಲ. ಸೊಗಡು ಅವರೆ ಬರುವ ಕಾಲ. ಅವರೆಗೇ ಅಂತ ಮೇಳ ಹಾಕುವ ಬೆಂಗಳೂರಲ್ಲಿ ಬೇರೆ ಏನು ಬೇಯುತ್ತದೆ? ಆದರೆ ಮೇಳದಲ್ಲಿ ಸಾಕಾದರೆ ಎದ್ದು ಮನೆಗೆ ಹೋಗಬಹುದು. ಇಲ್ಲಿ "ನಮ್ಮನೇದು ಮುಟ್ಟೇ ಇಲ್ವಲ್ಲ" ಅನ್ನುವವರು ಸೌಟು ಹಿಡಿದು ಎದುರಿಗೇ ನಿಂತಿರುತ್ತಾರೆ. ಧಾರವಾಡದ ಅಂಕಲ್ ತಟ್ಟೆ ನೋಡಿ, "ಏನ್ರೀ ಇದು, ಎಲ್ಲಾದ್ರಾಗೂ ಅವರೀನ!" ಅಂದರು. ತಾವು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಮೆಲ್ಲಗೆ ತಮ್ಮ ಕಡೆಗೇ ಎಳೆದುಕೊಂಡರು. ಅವತ್ತು ಸಂಜೆ ಇಡೀ ಬಿಲ್ಡಿಂಗ್‌ನಲ್ಲಿ ಯಾರೂ ಲಿಫ್ಟ್ ಬಳಸಲಿಲ್ಲ. ಎಲ್ಲರೂ ಮೆಟ್ಟಿಲು. ಕಾರಣ ಯಾರೂ ಕೇಳಲಿಲ್ಲ.

ಇನ್ನು ಬಿಸಿಬೇಳೆಬಾತ್. ಹೆಸರಲ್ಲೇ ಬಿಸಿ ಇದೆ, ಆದರೂ ನಮ್ಮವರಿಗೆ ಮೊದಲು ಫೋಟೋ ಆಗಬೇಕು. ಅಷ್ಟರಲ್ಲಿ ಅನ್ನ, ಬೇಳೆ ಸೇರಿ ನೀರನ್ನೆಲ್ಲ ಕುಡಿದು, ಸೌಟು ತಾನಾಗೇ ನೆಟ್ಟಗೆ ನಿಲ್ಲುತ್ತದೆ. ಅನುಭವಸ್ಥರು ಮನೆಯಲ್ಲೇ ಸಾರಿನ ಹಾಗೆ ತೆಳ್ಳಗೆ ಮಾಡಿ ತರುತ್ತಾರೆ. ನೀರುದೋಸೆಯ ಕಥೆ ಇನ್ನೂ ಕಷ್ಟ. ಉಡುಪಿಯವರ ಮನೆಯಲ್ಲಿ ಹೊಸ ಅಳಿಯನಿಗೆ ದೋಸೆ ಪ್ಯಾಕ್ ಮಾಡುವ ಕೆಲಸ ಕೊಟ್ಟಿದ್ದರು. ಆತ ಹಬೆಯಾಡುವ ದೋಸೆಗಳನ್ನು ಮಡಚದೆ, ಆರಲು ಬಿಡದೆ ಒಂದರ ಮೇಲೊಂದು ಹೇರಿ ಮುಚ್ಚಳ ಒತ್ತಿದ. ಟೆರೇಸ್‌ನಲ್ಲಿ ಡಬ್ಬಿ ಬೋರಲು ಹಾಕಿದರೆ ಒಂದೇ ದೋಸೆ, ನಾಲ್ಕು ಇಂಚು ದಪ್ಪ. "ಚಾಕು ಕೊಡಿ ಮಾರಾಯ್ರೆ" ಅಂದರು ಅವನ ಅತ್ತೆ. ಅಳಿಯ ಆಕಾಶ ನೋಡುತ್ತಿದ್ದ.

ಖಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಕೆಂಪಾಗಿರುತ್ತದೆ, ಖಾರ ಕಡಿಮೆ. ಗುಂಟೂರಿನದು ಹಾಗಲ್ಲ. "ಬರೀ ಬಣ್ಣ ಅಷ್ಟೇ, ತಿನ್ನಿ" ಅಂತ ಯಾರಾದರೂ ಬಡಿಸಿದರೆ, ಅಂಗಡಿ ಚೀಟಿ ತೋರಿಸಿ ಅನ್ನಬೇಕು.

ನನ್ನ ಪ್ರಕಾರ ಅಡುಗೆಯ ಎಡವಟ್ಟುಗಳೆಲ್ಲ ಕೈ ತೊಳೆಯುವ ಹೊತ್ತಿಗೆ ಮರೆತುಹೋಗುತ್ತವೆ. ಮರೆಯದೆ ಉಳಿಯುವುದು ಡಬ್ಬಿ. ಸ್ಟೀಲಿನ ಡಬ್ಬಿಗಳೆಲ್ಲ ಒಂದೇ ಥರ. ಹಿಂದಿನವರು ಜಾಣರು, ಅಂಗಡಿಯಲ್ಲೇ ಹೆಸರು ಕೆತ್ತಿಸುತ್ತಿದ್ದರು. ಈಗ ನಮ್ಮ ಮುಚ್ಚಳ ಮೂರನೇ ಮಹಡಿಯಲ್ಲಿದೆ, ಅವರ ಡಬ್ಬಿ ನಮ್ಮಲ್ಲಿದೆ, ಎರಡೂ ಒಂದಕ್ಕೊಂದು ಕೂರುವುದಿಲ್ಲ. ಸಾಲದ್ದಕ್ಕೆ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಹಾಗೆ ಕೊಟ್ಟರೆ ಅವರು ಮತ್ತೆ ಏನಾದರೂ ತುಂಬಿ ಕಳಿಸಬೇಕು. ಇದಕ್ಕೆ ಕೊನೆ ಇದೆಯಾ?

ಒಂದು ಡಬ್ಬಿಯಂತೂ ಯಾರದ್ದೆಂದೇ ಗೊತ್ತಿಲ್ಲ. ಮೇಲೆ ಚುಕ್ಕೆ ಅಕ್ಷರದಲ್ಲಿ "ಮದುವೆಯ ಶುಭಾಶಯಗಳು, 1987" ಅಂತಿದೆ. ಆ ವರ್ಷ ಮದುವೆಯಾದವರು ನಮ್ಮ ಬಿಲ್ಡಿಂಗ್‌ನಲ್ಲಿ ಒಬ್ಬರೂ ಇಲ್ಲ. ಇಟ್ಟುಕೊಂಡರೆ ಕದ್ದ ಹಾಗಾಗುತ್ತದೆ ಅಂತ ಪ್ರತಿ ಮನೆಯವರೂ ಏನಾದರೂ ತುಂಬಿ ಪಕ್ಕದ ಮನೆಗೆ ದಾಟಿಸುತ್ತಾರೆ. ಹೋದ ವಾರ ನಮ್ಮತ್ತೆ ಕೋಡುಬಳೆ ತುಂಬಿ ಕಳಿಸಿದ್ದರು. ಇವತ್ತು ಬೆಳಗ್ಗೆ ಡಬ್ಬಿ ಎಲ್ಲ ಮನೆ ಸುತ್ತಿ ನಮ್ಮ ಮನೆಗೇ ಬಂತು. ಒಳಗೆ ಅದೇ ಕೋಡುಬಳೆ. ಅತ್ತೆ ಕೂತು ಎಣಿಸಿದರು. ಎರಡು ಕಮ್ಮಿ ಇತ್ತು.