ಒಂಬತ್ತನೇ ಪ್ರಕರಣ

ಬೆಂಗಳೂರಿನ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ, ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆಯ ಬಿಡುವಿದೆ ಎಂದು ನೇಮಕಾತಿ ಪತ್ರದಲ್ಲಿ ಬರೆದಿತ್ತಾದರೂ, ಆ ಅರ್ಧ ಗಂಟೆ ಯಾವಾಗ ಬಂದು ಯಾವಾಗ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಡಬ್ಬಿಯ ಮುಚ್ಚಳ ತೆರೆಯುವ ಸದ್ದು ಯಜಮಾನರ ಕೋಣೆಗೆ ಹೇಗೆ ಕೇಳಿಸುತ್ತಿತ್ತೋ ತಿಳಿಯದು. ಮೊದಲ ತುತ್ತು ಬಾಯಿಗೆ ಹೋಗುವ ಮುನ್ನವೇ "ಒಂದೇ ನಿಮಿಷ ಬನ್ನಿ" ಎಂಬ ಕರೆ ಬರುತ್ತಿತ್ತು. ಆ ಒಂದು ನಿಮಿಷ ಮುಗಿಸಿ ಬರುವಷ್ಟರಲ್ಲಿ ಅನ್ನ ತಣ್ಣಗಾಗಿ, ಡಬ್ಬಿಯ ಆಕಾರದಲ್ಲೇ ಗಟ್ಟಿಯಾಗಿರುತ್ತಿತ್ತು.

ಮಾರ್ಚ್ ತಿಂಗಳ ಒಂದು ದಿನ ಮೂರು ಗಂಟೆಯಾದರೂ ಉಣ್ಣಲಾಗದೆ, ಎಡಗೈಯಲ್ಲಿ ವೋಚರುಗಳ ಕಡತವನ್ನೂ ಬಲಗೈಯಲ್ಲಿ ಚಮಚವನ್ನೂ ಹಿಡಿದು ಎರಡನ್ನೂ ಒಟ್ಟಿಗೆ ಮುಗಿಸಲು ಹೊರಟೆ. ಬೂದುಗುಂಬಳದ ಹೋಳೊಂದು ಚಮಚದಿಂದ ಜಾರಿ, ಮಜ್ಜಿಗೆಹುಳಿಯ ಸಮೇತ ಪ್ರಯಾಣ ಭತ್ಯೆಯ ವೋಚರಿನ ಮೇಲೆ ಕುಳಿತು, ಮೊತ್ತದ ಅಂಕಿಗಳನ್ನು ಅಳಿಸಿಹಾಕಿತು. (ಮರುವಾರ ಬಂದ ಲೆಕ್ಕ ಪರಿಶೋಧಕರು ಆ ಹಾಳೆಯನ್ನು ಮೂಗಿನ ಬಳಿ ಹಿಡಿದು, "ಇಂಗು ಸ್ವಲ್ಪ ಹೆಚ್ಚಾಗಿದೆ" ಎಂದಷ್ಟೇ ಹೇಳಿದರು.)

ಆ ದಿನ ಹೊಟ್ಟೆ ತುಂಬ ತಿಂದದ್ದು ಯಜಮಾನರ ಬೈಗುಳವನ್ನು ಮಾತ್ರ. ರಾತ್ರಿ ಛಲ ಹಿಡಿದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವನ್ನು ಓದಿದೆ. ಯಾವ ನೌಕರನನ್ನೂ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಹೊತ್ತು ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ 1 ಗಂಟೆಯ ವಿಶ್ರಾಂತಿ ಕೊಡಲೇಬೇಕು ಎನ್ನುತ್ತದೆ ಅದರ 9ನೇ ಪ್ರಕರಣ. ಅರ್ಧವಲ್ಲ, ಪೂರ್ತಿ ಒಂದು ಗಂಟೆ! 9.30ಕ್ಕೆ ಕೆಲಸಕ್ಕೆ ಕೂರುವ ನಾವು 2.30ರೊಳಗೆ ಊಟಕ್ಕೆ ಏಳಲೇಬೇಕು.

ಮರುದಿನ ಅದರ ಪ್ರತಿಯನ್ನು ಯಜಮಾನರ ಮುಂದಿಟ್ಟೆ. ಅವರು ಸಿಟ್ಟಾಗಲಿಲ್ಲ; ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಕನ್ನಡಕ ಏರಿಸಿಕೊಂಡು, ನಾನು ಓದದೆ ಬಿಟ್ಟಿದ್ದ ಪುಟಗಳನ್ನೂ ಓದಿದರು. ಕೆಲಸದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ವಿಶ್ರಾಂತಿಯ ಹೊತ್ತು ಆ ಲೆಕ್ಕಕ್ಕೆ ಸೇರುವುದಿಲ್ಲ. ಅದೂ ಸೇರಿ ದಿನದ ಒಟ್ಟು ಅವಧಿ 12 ಗಂಟೆ ಮೀರದಿದ್ದರೆ ಸಾಕು. ಸಂಜೆಯೊಳಗೆ ಸೂಚನಾ ಫಲಕದಲ್ಲಿ ಹಾಳೆಯೊಂದು ಬಿತ್ತು: ಊಟದ ಬಿಡುವು 1ರಿಂದ 2ರವರೆಗೆ, ಕಚೇರಿ ಮುಚ್ಚುವುದು 6ರ ಬದಲು 6.30ಕ್ಕೆ, "ಸಹೋದ್ಯೋಗಿಯೊಬ್ಬರ ಕೋರಿಕೆಯ ಮೇರೆಗೆ". ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ.

ತುಮಕೂರಿನ ರೈಲು ಹಿಡಿಯುತ್ತಿದ್ದ ಮೂವರು ನನ್ನೊಡನೆ ಮಾತು ಬಿಟ್ಟರು. ದಿನವೂ ಮಾವಿನ ಮಿಡಿ ಹಂಚುತ್ತಿದ್ದ ಹಿರಿಯ ಗುಮಾಸ್ತೆ ಮೇಡಂ ಉಪ್ಪಿನಕಾಯಿಯ ಬಾಟಲಿಯನ್ನು ಮೇಜಿನ ಆಚೆ ತುದಿಗೆ ಸರಿಸಿದರು. ಓಡೋಡುತ್ತಾ ಉಂಡು ರೂಢಿಯಾದ ನನ್ನ ಊಟ 12 ನಿಮಿಷಕ್ಕೇ ಮುಗಿಯುತ್ತಿತ್ತು. ಉಳಿದ 48 ನಿಮಿಷ ಅವರ ನೋಟವನ್ನು ತಪ್ಪಿಸಿಕೊಳ್ಳುತ್ತಾ ಖಾಲಿ ಡಬ್ಬಿಯನ್ನೇ ನೋಡುತ್ತಾ ಕೂರಬೇಕಾಗಿತ್ತು.

ನಾಲ್ಕನೆಯ ದಿನ ತಾಳಲಾರದೆ ಯಜಮಾನರ ಕೋಣೆಗೆ ಹೋಗಿ, "ಏನಾದರೂ ಕೆಲಸವಿದೆಯೇ ಸಾರ್?" ಎಂದು ಕೇಳಿದೆ. ಊಟ ಮಾಡುತ್ತಿದ್ದ ಅವರು ತುತ್ತನ್ನು ನಿಧಾನವಾಗಿ ಅಗಿದು ನುಂಗಿ, ಗೋಡೆಯ ಗಡಿಯಾರದತ್ತ ಎಡಗೈ ತೋರಿಸಿ, "ಒಂಬತ್ತನೇ ಪ್ರಕರಣ" ಎಂದರು.