ಚಿಲ್ಲರೆ ಇದ್ದರೆ ಮಾತ್ರ ಮಂಡಕ್ಕಿ

ದಾವಣಗೆರೆ ಪೇಟೆ ಸುತ್ತಲು ಬರುವವರಿಗೆ ಮೊದಲೆಲ್ಲ ಒಂದೇ ಸಲಹೆ ಕೊಡುತ್ತಿದ್ದೆವು. ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ. ಈಗ ಇನ್ನೊಂದು ಸೇರಿಸಬೇಕಾಗಿದೆ. ಜೇಬಿನ ತುಂಬ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡು ಬನ್ನಿ. ನೋಟು ಹರಿದಿರಬಾರದು. ಟೇಪ್ ಹಚ್ಚಿರಬಾರದು. ಅದರ ಮೇಲೆ ಯಾರೂ ತಮ್ಮ ಹುಡುಗಿಯ ಹೆಸರು ಬರೆದಿರಬಾರದು. ಹತ್ತರ ನಾಣ್ಯವಂತೂ ಬೇಡವೇ ಬೇಡ. ಹತ್ತರ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ, ನಿಜ. ಆದರೆ ನಮ್ಮ ಕಡೆ ರಿಸರ್ವ್ ಬ್ಯಾಂಕ್ ಗವರ್ನರ್‌ಗಿಂತ ಕಿರಾಣಿ ಅಂಗಡಿ ಹುಡುಗನ ಮಾತಿಗೆ ತೂಕ ಜಾಸ್ತಿ. ಅವನು "ನಡೆಯಲ್ರೀ" ಅಂದರೆ ಮುಗೀತು.

ಮೊಬೈಲ್ ಇದೆಯಲ್ಲ, ನೋಟು ಯಾಕೆ ಅಂತೀರಾ? 2025ರ ಜುಲೈ ನೆನಪಿಸಿಕೊಳ್ಳಿ. ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹಂಚಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿಯವರು, ಯಾರನ್ನೂ ಬಿಡಲಿಲ್ಲ. 2021-22ರಿಂದ ನಿಮ್ಮ ಖಾತೆಗೆ ಯುಪಿಐ ಮೂಲಕ ಇಷ್ಟಿಷ್ಟು ಬಂದಿದೆ, ತೆರಿಗೆ ಎಲ್ಲಿ ಅಂತ. ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂತು. ತರಕಾರಿಗೆ ಜಿಎಸ್‌ಟಿ ಇಲ್ಲ. ಅದು ಇಲಾಖೆಗೂ ಗೊತ್ತು, ಬದನೆಕಾಯಿಗೂ ಗೊತ್ತು. ಕಂಪ್ಯೂಟರಿಗೆ ಮಾತ್ರ ಗೊತ್ತಿರಲಿಲ್ಲ.

ಮರುವಾರದಿಂದಲೇ ಗೋಡೆ ಗೋಡೆಯಲ್ಲಿ ಕೈಬರಹದ ಚೀಟಿ. "ನೋ ಯುಪಿಐ, ಓನ್ಲಿ ಕ್ಯಾಶ್."

ಇದರ ಹಿಂದಿನ ಕಥೆಯನ್ನೂ ಮರೆಯಬಾರದು. 2016ರ ನವೆಂಬರ್ 8ರ ರಾತ್ರಿ ನಮ್ಮ ನೋಟು ರದ್ದಾದವು. ಆಮೇಲೆ ವರ್ಷಗಟ್ಟಲೆ ಒಂದೇ ಉಪದೇಶ: ನಗದು ಬಿಡಿ, ಡಿಜಿಟಲ್ ಆಗಿ. ಪಾಪ, ಜನ ಆದರು. ಸೊಪ್ಪಿನ ಅಜ್ಜಿ ಬುಟ್ಟಿಗೆ ಕ್ಯೂಆರ್ ಕೋಡ್ ಅಂಟಿಸಿಕೊಂಡಳು. 2023ರ ಆಗಸ್ಟ್‌ನಲ್ಲಿ ಜರ್ಮನಿಯ ಸಚಿವರೊಬ್ಬರು ಬೆಂಗಳೂರಿನಲ್ಲಿ ತರಕಾರಿ ಕೊಂಡು, ಮೊಬೈಲಿನಲ್ಲೇ ದುಡ್ಡು ಕೊಟ್ಟು ಭಾರಿ ಖುಷಿಪಟ್ಟರು. ಆ ಫೋಟೊ ನೋಡಿ ನಾವೂ ಎದೆ ಉಬ್ಬಿಸಿದೆವು. ಇಷ್ಟು ಸಲೀಸಾಗಿ ದುಡ್ಡು ಹೋಗುತ್ತದೆ ಅಂದರೆ ಇಷ್ಟೇ ಸಲೀಸಾಗಿ ಲೆಕ್ಕವೂ ಸಿಗುತ್ತದೆ ಎಂದು ಆಗ ಯಾರೂ ಯೋಚಿಸಲಿಲ್ಲ. ಅಜ್ಜಿಯಂತೂ ಇಲ್ಲವೇ ಇಲ್ಲ.

ಗಲಾಟೆ ಜೋರಾದಾಗ ರಾಜ್ಯದವರು "ಜಿಎಸ್‌ಟಿ ಕೇಂದ್ರದ್ದು" ಅಂದರು. ಕೇಂದ್ರದವರು "ನೋಟಿಸ್ ರಾಜ್ಯದ್ದು" ಅಂದರು. ಇಲ್ಲೊಂದು ಸೊಗಸಿದೆ ನೋಡಿ. ಐದು ರೂಪಾಯಿ ತೆರಿಗೆಯಲ್ಲಿ ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಪೈಸೆ ಬಿಡದೆ ಸರಿಪಾಲು. ಬೈಗುಳ ಹಂಚಿಕೊಳ್ಳುವಾಗ ಮಾತ್ರ ಪೂರ್ತಿ ಪಾಲು ಪಕ್ಕದವರಿಗೆ. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು ಕೂರಿಸಿ, ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು. ಬಿಸಿ ಆರಿತು. ಬಹಳ ಅಂಗಡಿಗಳಲ್ಲಿ ಕೋಡ್ ವಾಪಸ್ ಬಂತು. ಹೋದ ನಂಬಿಕೆ ಇನ್ನೂ ದಾರಿಯಲ್ಲಿದೆ.

ಇರಲಿ, ಊರು ಸುತ್ತೋಣ.

ಬೆಳಿಗ್ಗೆ ಬೆಣ್ಣೆ ದೋಸೆ. ಇದರಲ್ಲಿ ಚರ್ಚೆಯೇ ಇಲ್ಲ. ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿಯನ್ನೂ ರುಬ್ಬಿದ ಹಿಟ್ಟು, ಕೆಳಗೆ ಸೌದೆ ಉರಿ, ಮೇಲೆ ಬೆಣ್ಣೆ. ಪಕ್ಕದಲ್ಲಿ ಕಾಯಿ ಚಟ್ನಿ, ಅರಿಶಿನ ಕಾಣದ ಬಿಳೀ ಆಲೂಗಡ್ಡೆ ಪಲ್ಯ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ "ದಾವಣಗೆರೆ ಬೆಣ್ಣೆ ದೋಸೆ" ಬೋರ್ಡ್ ಇರುತ್ತದೆ. ಆ ದೋಸೆಗಳಲ್ಲಿ ಎಷ್ಟೋ ದಾವಣಗೆರೆಯನ್ನು ಭೂಪಟದಲ್ಲಿ ಕೂಡ ನೋಡಿರುವುದಿಲ್ಲ. ಅದು ಬೇರೆ ವಿಷಯ.

ಇಲ್ಲಿ ತಿನ್ನುವಾಗ ಸ್ವಲ್ಪ ಲೆಕ್ಕ ಹಾಕಿ, ಮಜಾ ಬರುತ್ತದೆ. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಹೋಟೆಲ್ ಅಂದರೆ ಸೇವೆ, ಅದಕ್ಕೆ ಮಿತಿ 20 ಲಕ್ಷ. ಅಂದರೆ ದಿನಕ್ಕೆ ಸುಮಾರು 5,480 ರೂಪಾಯಿ. ಲಾಭ ಅಲ್ಲ ಮಾರಾಯರೇ, ಗಲ್ಲಾಕ್ಕೆ ಬೀಳುವ ಒಟ್ಟು ದುಡ್ಡು. ದೋಸೆಗೆ 70 ರೂಪಾಯಿ ಅಂತಿಟ್ಟುಕೊಳ್ಳಿ. 79ನೇ ದೋಸೆ ಕಾವಲಿಗೆ ಬಿದ್ದಾಗ ಮಾಲೀಕರು ದೊಡ್ಡ ಉದ್ಯಮಿ! ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ 79ನೇ ದೋಸೆ ಬೀಳುವ ಹೊತ್ತಿಗೆ ಊರಿನ ಅರ್ಧ ಜನ ಇನ್ನೂ ಹಲ್ಲುಜ್ಜಿರುವುದಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಎರಡು ಮಹಡಿ ಕಟ್ಟಿ, ಮೂರನೆಯದಕ್ಕೆ ಕಂಬಿ ಎಬ್ಬಿಸಿರುವ "ಸಣ್ಣ ವ್ಯಾಪಾರಿ"ಗಳೂ ನಮ್ಮಲ್ಲಿದ್ದಾರೆ. ಅವರೂ ಆ ವಾರ "ಬಡವರ ಹೊಟ್ಟೆ ಮೇಲೆ ಹೊಡೀತಾರ್ರೀ" ಅಂತ ಕಣ್ಣೀರು ಹಾಕಿದರು. ಕಣ್ಣೊರೆಸಿಕೊಂಡ ಕೈಯಲ್ಲಿ ನಾಲ್ಕು ಉಂಗುರ ಇದ್ದವು.

ದೋಸೆ ಮೇಲಿನ ಬೆಣ್ಣೆಗೂ ಒಂದು ಕಥೆ ಇದೆ. ಬೆಣ್ಣೆ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಂದು ಶೇ 12ರಿಂದ ಶೇ 5ಕ್ಕೆ ಇಳಿಯಿತು. ಟಿವಿಯಲ್ಲಿ ಉಳಿತಾಯದ ಹಬ್ಬ ನಡೆಯಿತು. ನಾನೂ ಹೋಗಿ ದೋಸೆ ಮೇಲಿನ ಬೆಣ್ಣೆ ಮುದ್ದೆಯನ್ನು ಕಣ್ಣಿಟ್ಟು ನೋಡಿದೆ. ಏಳು ಪರ್ಸೆಂಟ್ ಎಲ್ಲಿ ಹೋಯಿತೋ, ಕಾವಲಿ ಬಿಸಿಗೆ ಕರಗಿಹೋಗಿರಬೇಕು.

ಅಲ್ಲಿಂದ ಗಡಿಯಾರ ಕಂಬದ ಕಡೆ, ಕೆ.ಆರ್. ಮಾರ್ಕೆಟ್ಟು, ಮಂಡಿಪೇಟೆ. ಇದು ಹಳೇ ಊರು. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಗಿರಣಿ ಹೋದವು, ಪೇಟೆ ಉಳಿಯಿತು. ಇಲ್ಲಿ ಚಿಲ್ಲರೆಯ ಅರ್ಥಶಾಸ್ತ್ರ ನೋಡಬೇಕು. ಯುಪಿಐ ಬಂದ ಮೇಲೆ ನಮ್ಮ ದೇಶದಿಂದ ಒಂದು ಕರೆನ್ಸಿ ಸದ್ದಿಲ್ಲದೆ ಮಾಯವಾಗಿತ್ತು: ಒಂದು ರೂಪಾಯಿಯ ಚಾಕೊಲೇಟ್. ಮೂರು ರೂಪಾಯಿ ಚಿಲ್ಲರೆಗೆ ಮೂರು ಚಾಕೊಲೇಟ್ ಕೊಡುತ್ತಿದ್ದ ಕಾಲ ಮುಗಿಯಿತು ಅಂದುಕೊಂಡಿದ್ದೆವು. ಕ್ಯಾಶ್ ಚೀಟಿ ಗೋಡೆಗೆ ಬಿದ್ದದ್ದೇ ತಡ, ಗಲ್ಲಾದ ಪಕ್ಕದ ಡಬ್ಬಿ ಮತ್ತೆ ತುಂಬಿತು. ಈ ಕರೆನ್ಸಿಗೂ ಒಂದೇ ದಿಕ್ಕು. ಅವರು ಕೊಟ್ಟರೆ ನಾವು ತೆಗೆದುಕೊಳ್ಳಬೇಕು. ಅದೇ ಚಾಕೊಲೇಟನ್ನು ಮರುದಿನ ಒಯ್ದು "ಇದರಲ್ಲಿ ಬೆಂಕಿಪೊಟ್ಟಣ ಕೊಡಿ" ಅಂದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಟೊಮೆಟೊ ಮಾರುವ ಅಕ್ಕನಿಗೆ ಐನೂರರ ನೋಟು ತೋರಿಸಿದೆ. ಕಾಲು ಕೆಜಿ ಹಸಿಮೆಣಸಿನಕಾಯಿ ಕೊಂಡಿದ್ದೆ.

"ಚಿಲ್ರೆ ಇಲ್ಲ ಅಣ್ಣ."

"ಹಂಗಾದ್ರೆ ಫೋನ್‌ಪೇ ಮಾಡ್ಲಾ ಅಕ್ಕ?"

"ಬ್ಯಾಡಣ್ಣ. ನಮ್ಮ ಮಗ ಬ್ಯಾಡ ಅಂದಾನ."

"ತರಕಾರಿಗೆ ಟ್ಯಾಕ್ಸ್ ಇಲ್ಲಕ್ಕ."

"ಅದು ನಿಮಗ್ ಗೊತ್ತೈತಿ, ನನಗ್ ಗೊತ್ತೈತಿ. ಹಾವೇರಿ ಅಣ್ಣಗೂ ಗೊತ್ತಿತ್ತು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆಣಸಿನಕಾಯಿ ವಾಪಸ್ ಬುಟ್ಟಿಗೆ ಹೋಯಿತು.

ಈಗ ಬನ್ನಿ, ಮಂಡಕ್ಕಿ ಭಟ್ಟಿಗೆ. ದಾವಣಗೆರೆಯ ನಿಜವಾದ ಕೈಗಾರಿಕೆ ಇದು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಚ್ಚಿ, ಕಾದ ಮರಳಿಗೆ ಹಾಕುತ್ತಾರೆ. ಕ್ಷಣದಲ್ಲಿ ಅರಳುತ್ತದೆ. ಬೆಂಕಿ ಮುಂದೆ ದಿನವಿಡೀ ನಿಲ್ಲುವ ಆ ಜನರ ಮುಖ ನೋಡಿದರೆ ಮಂಡಕ್ಕಿಗೆ ಯಾರೂ ಚೌಕಾಸಿ ಮಾಡಲಾರರು. ಇಷ್ಟು ಕಷ್ಟಪಟ್ಟು ಅರಳಿದ ಈ ಬಡಪಾಯಿ, ಭಟ್ಟಿಯಿಂದ ಬಾಯಿಗೆ ಬರುವಷ್ಟರಲ್ಲಿ ಎಷ್ಟು ಜನ್ಮ ಎತ್ತಬೇಕು ಗೊತ್ತಾ?

ಮೂಟೆಯಿಂದ ಸೇರಿನಲ್ಲಿ ಅಳೆದು ಕಾಗದಕ್ಕೆ ಸುರಿದರೆ ತೆರಿಗೆ ಇಲ್ಲ. ಅದೇ ಮಂಡಕ್ಕಿಯನ್ನು ಪಾಕೀಟಿಗೆ ತುಂಬಿ, ಬಾಯಿ ಮುಚ್ಚಿ, ಹೆಸರು ಅಂಟಿಸಿದರೆ ಶೇ 5. 2022ರ ಜುಲೈ 18ರಿಂದ ಇದು ಕಾನೂನು. ಅದಕ್ಕೇ ಖಾರದಪುಡಿ, ಹುರಿಗಡಲೆ ಸೇರಿಸಿದರೆ ಅದು ಕುರುಕಲು ತಿಂಡಿ. ಬಿಡಿಯಾಗಿ ಮಾರಿದರೆ ಶೇ 5, ಪಾಕೀಟು ಮಾಡಿ ಲೇಬಲ್ ಹಚ್ಚಿದರೆ 2025ರ ಸೆಪ್ಟೆಂಬರ್‌ವರೆಗೆ ಶೇ 12. ತಟ್ಟೆಗೆ ಹಾಕಿ, ಬೆಂಚಿನ ಮೇಲೆ ಕೂರಿಸಿ ಕೊಟ್ಟರೆ ಹೋಟೆಲ್ ಸೇವೆ, ಮತ್ತೆ ಶೇ 5. ಬೆಳಿಗ್ಗೆ ದೋಸೆ ಹಿಟ್ಟಿನೊಳಗೆ ಅಡಗಿ ಕೂತಿತ್ತಲ್ಲ, ಅದೂ ಮಂಡಕ್ಕಿಯೇ. ಅಲ್ಲಿಯೂ ಬಿಡಲಿಲ್ಲ.

ಹೀಗಾಗಿ ನಮ್ಮೂರ ಮಸಾಲೆ ತಿಂಡಿ ನರ್ಗೀಸ್ ಮಂಡಕ್ಕಿ ಮಾರುವವನು ಬೆಳಗಾಗೆದ್ದು ಕೇಳಿಕೊಳ್ಳಬೇಕಾದ ಪ್ರಶ್ನೆ ಉಪ್ಪು ಖಾರದ್ದಲ್ಲ. ನಾನು ಇವತ್ತು ಸರಕೋ, ಸೇವೆಯೋ? ತಟ್ಟೆಯಲ್ಲಿ ತಿಂದು ಹೋಗುವ ಗಿರಾಕಿಗೆ ಒಂದು ಶಾಸ್ತ್ರ, ಲೇಬಲ್ ಹಚ್ಚಿದ ಪಾಕೀಟು ಕೊಳ್ಳುವವನಿಗೆ ಇನ್ನೊಂದು. ಅರ್ಧ ತಿಂದು, ಉಳಿದದ್ದನ್ನು ಮಕ್ಕಳಿಗೆ ಅಂತ ಕಟ್ಟಿಸಿಕೊಳ್ಳುವ ಗಿರಾಕಿ ಬಂದರೆ ದೆಹಲಿಗೆ ಫೋನ್ ಮಾಡುವುದೇ ವಾಸಿ.

ಮಂಡಕ್ಕಿ ಒಬ್ಬಂಟಿ ಏನಲ್ಲ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಭೆ ಸೇರಿತು. ದೇಶದ ಹಣಕಾಸು ಮಂತ್ರಿಗಳೆಲ್ಲ ಮರುಭೂಮಿಯಲ್ಲಿ ಕೂತು ಪಾಪ್‌ಕಾರ್ನ್ ವಿಷಯ ಬಗೆಹರಿಸಿದರು. ಉಪ್ಪು ಖಾರ ಹಾಕಿದ್ದು ಬಿಡಿಯಾಗಿದ್ದರೆ ಶೇ 5, ಪಾಕೀಟಿನಲ್ಲಿದ್ದರೆ ಶೇ 12, ಸಕ್ಕರೆ ಪಾಕ ಹತ್ತಿದರೆ ಶೇ 18 ಅಂತ ಆಗ ತೀರ್ಮಾನವಾಯಿತು. ನಮ್ಮ ಮೆಕ್ಕೆಜೋಳದ ಜಿಲ್ಲೆಯ ರೈತ ಮಾತ್ರ ಎಪಿಎಂಸಿಯಲ್ಲಿ ಒಂದೇ ರೇಟಿಗೆ ಕಾಯುತ್ತಾನೆ. ಆ ಒಂದೂ ಸರಿಯಾಗಿ ಸಿಗುವುದಿಲ್ಲ.

ಮಧ್ಯಾಹ್ನ ಜವಳಿ ಅಂಗಡಿ. ಸುತ್ತಲಿನ ಜಿಲ್ಲೆಯವರೆಲ್ಲ ಮದುವೆ ಬಟ್ಟೆಗೆ ಇಲ್ಲಿಗೇ ಬರುತ್ತಾರೆ. ಸಿದ್ಧ ಉಡುಪಿಗೆ ಈಗ 2,500 ರೂಪಾಯಿವರೆಗೆ ಶೇ 5, ದಾಟಿದರೆ ಶೇ 18. ಹಾಗಾಗಿ ಒಂದು ಪವಾಡ ಕಂಡೆ. ಅಂಗಡಿಯ ಒಂದಿಡೀ ಗೋಡೆಯ ಬಟ್ಟೆಗೆಲ್ಲ 2,499. ಮದುಮಗನ ಕುರ್ತಾ ಬೇರೆ, ಪೈಜಾಮ ಬೇರೆ, ಶಾಲು ಬೇರೆ, ಮೂರಕ್ಕೂ ಮೂರು ಬಿಲ್. ಮದುವೆ ಒಂದೇ ಅನ್ನುವುದು ಸಮಾಧಾನ.

ಸಂಜೆ ಮಿರ್ಚಿ ಗಾಡಿ. ಖಾರ ಮಂಡಕ್ಕಿ ಮೇಲೆ ಈರುಳ್ಳಿ, ಪಕ್ಕದಲ್ಲಿ ಬಿಸಿ ಎಣ್ಣೆಯಿಂದ ಎದ್ದ ಮೆಣಸಿನಕಾಯಿ. ಸುತ್ತ ಹದಿನೈದು ಜನ, ಯಾರೂ ಮಾತಾಡುವ ಸ್ಥಿತಿಯಲ್ಲಿಲ್ಲ. ಇಲ್ಲಿ ಕ್ಯಾಶ್ ಚೀಟಿ ಇಲ್ಲ. ಬದಲಿಗೆ ಸಾಲಾಗಿ ನಾಲ್ಕು ಕ್ಯೂಆರ್ ಕೋಡ್. ಮೂರಕ್ಕೆ ರಟ್ಟು ಮುಚ್ಚಿದೆ. ಯಾಕೆಂದು ಕೇಳಿದೆ. ಬಜ್ಜಿ ತಿರುವುತ್ತಲೇ ಗಾಡಿಯವರು ವಿವರಿಸಿದರು. ಒಂದು ಅವರದು, ಒಂದು ಹೆಂಡತಿಯದು, ಒಂದು ಅತ್ತೆಯದು, ಇನ್ನೊಂದು ಭಾಮೈದನದು. ವರ್ಷದ ಲೆಕ್ಕ ಎಲ್ಲರಿಗೂ ಬೇರೆ ಬೇರೆ. ಇಡೀ ಕುಟುಂಬ ಸರದಿಯ ಮೇಲೆ ಬಡತನದಲ್ಲಿದೆ. ಲೆಕ್ಕಪತ್ರ ಕಲಿಸುವ ಕಾಲೇಜಿನವರು ಮಕ್ಕಳನ್ನು ಪ್ರವಾಸಕ್ಕೆ ಇಲ್ಲಿಗೇ ಕರೆತರಬೇಕು, ಸುಮ್ನೆ ಬೆಂಗಳೂರಿಗೆ ಒಯ್ಯುತ್ತಾರೆ.

ತೆರೆದಿದ್ದ ಕೋಡ್ ಮುಂದೆ ಮೊಬೈಲ್ ಹಿಡಿದೆ. ಅವರು ಜಾಲರಿ ಸೌಟು ಎತ್ತಿ ತಡೆದರು.

"ತಡೀರಿ ಸಾರ್, ಅದಕ್ಕೆ ಹಾಕಬ್ಯಾಡ್ರಿ. ನಮ್ಮತ್ತೀದು ಹತ್ತೊಂಬತ್ತು ಲಕ್ಷ ದಾಟೇತಿ."

ರಟ್ಟು ಸರಿಸಿ ಪಕ್ಕದ್ದನ್ನು ತೋರಿಸಿದರು.

"ಭಾಮೈದಂಗೆ ಹಾಕ್ರಿ. ಅವ ಇನ್ನಾ ಬಡವ ಅದಾನ."