ಬಿಡಿ ಮೊದ್ಲು, ಹತ್ತು ಆಮೇಲೆ

ಜರ್ಮನ್ ಕಲೀತೀನಿ ಅಂದ್ರೆ ಸಾಕು, ನಾಮಪದಗಳ ಲಿಂಗಕ್ಕೆ ತಕ್ಕ ಹಾಗೆ ಡೆರ್ ಡೀ ದಾಸ್ ಸೇರಿಸ್ಬೇಕು ಅಂತ ಹೆದರಿಸೋಕೆ ಜನ ಸಾಲಾಗಿ ನಿಂತಿರ್ತಾರೆ, ಆದ್ರೆ ಅಂಕಿ ಬಗ್ಗೆ ಒಬ್ರೂ ಬಾಯಿ ಬಿಡಲ್ಲ. ಹನ್ನೆರಡರ ತನಕ ಬಾಯಿಪಾಠ, ಆಮೇಲೆ ಹತ್ತೊಂಬತ್ತರ ತನಕ ಕೊನೇಗೆ ತ್ಸೇನ್, ಅಂದ್ರೆ ಹತ್ತು, ಅಂಟಿಸಿದ್ರೆ ಮುಗೀತು, ಒಂದು ಸಂಜೆ ಕೆಲಸ ಅಂತಾರೆ. ಹೇಳೋದೇನೋ ಒಂದು ಸಂಜೆ ಕೆಲಸಾನೇ. ಕೇಳಿಸ್ಕೊಂಡು ಬರ್ಕೊಳ್ಳೋದಿದ್ಯಲ್ಲ, ಅದು ಪೂರ್ವಜನ್ಮದ ಕರ್ಮ.

ಹೇಳೋದ್ರಲ್ಲೂ ನಮ್ಮನೆಯವ್ರಿಗೆ ಐದು ಬಂದಾಗ ತೊಂದ್ರೆ. ಫ್ಯುನ್ಫ್ ಅನ್ನೋದಕ್ಕೆ ಟೀಚರ್ ಹೇಳ್ಕೊಟ್ಟ ಉಪಾಯ, ತುಟಿ ಸೀಟಿ ಹೊಡೆಯೋ ತರ ಇಟ್ಕೊಂಡು ಒಳಗಿಂದ 'ಇ' ಅನ್ನಿ ಅಂತ. ಇವ್ರು ಬಾತ್‌ರೂಮ್ ಕನ್ನಡಿ ಮುಂದೆ ಅದನ್ನ ಮಾಡ್ತಾ ನಿಂತ್ರೆ ಹೊರಗೆ ನಾವೆಲ್ಲ ಕಾಯ್ಬೇಕು. ಆರು ಝೆಕ್ಸ್, ಆದ್ರೆ ಹದಿನಾರಿಗೆ ಬಂದಾಗ ಆ ಕ್ಸ್ ಮಾಯ, ಝೆಶ್‌ತ್ಸೇನ್ ಅಂತೆ. ಎಂಟಕ್ಕೆ ಅಖ್ಟ್, ಗಂಟಲು ಕೆರೆದೇ ಬರ್ಬೇಕು. ಹದಿನೇಳು ಝೀಪ್‌ತ್ಸೇನ್, ಎಪ್ಪತ್ತು ಝೀಪ್‌ತ್ಸಿಶ್, ಇಲ್ಲಿ ಜರ್ಮನಿಯ ಬೇಕರಿ ಗಲಾಟೇಲಿ ಎರಡೂ ಒಂದೇ.

ಇಪ್ಪತ್ತೊಂದರಿಂದ ಅಸಲಿ ಆಟ ಶುರು, ಐನ್-ಉಂಡ್-ತ್ಸ್ವಾನ್‌ತ್ಸಿಶ್, ಒಂದು ಮತ್ತು ಇಪ್ಪತ್ತು. ತೊಂಬತ್ತೊಂಬತ್ತರ ತನಕ ಹೀಗೇ ಉಲ್ಟಾ, ನೂರು ಸೇರಿದ್ರೆ ನೂರು ಮೊದ್ಲು, ಆಮೇಲೆ ಬಿಡಿ, ಕೊನೇಗೆ ಹತ್ತು. ಫೋನ್ ನಂಬರನ್ನ ಎರಡೆರಡು ಅಂಕಿ ಸೇರಿಸಿ ಹೇಳೋ ಅಭ್ಯಾಸ ಬೇರೆ ತುಂಬಾ ಜನಕ್ಕಿದೆ. "ನಾಲ್ಕು ಮತ್ತು" ಅನ್ನೋಷ್ಟರಲ್ಲಿ ನಮ್ಮ ಕೈ 4 ಬರೆದಾಗಿರುತ್ತೆ, ಹಿಂದೆನೇ "ಎಪ್ಪತ್ತು" ಬರುತ್ತೆ, ಅದನ್ನ 4ರ ಎಡಕ್ಕೆ ತೂರಿಸೋಣ ಅಂದ್ರೆ ಅಲ್ಲಿ ಜಾಗ ಇಲ್ಲ, ತೂರಿಸೋಷ್ಟರಲ್ಲಿ ಅವ್ರು ಮುಂದಿನ ಜೋಡಿಗೆ ಹೋಗಿರ್ತಾರೆ. ನಮ್ಮನೆಯವ್ರು ಇದಕ್ಕೂ ಉಪಾಯ ಕಂಡ್ಕೊಂಡ್ರು, ಮೊದ್ಲು ಒಂದು ಮನೆ ಖಾಲಿ ಬಿಡೋದು, ಬಿಡಿ ಬರೆಯೋದು, ಹತ್ತು ಕೇಳಿದ್ಮೇಲೆ ಹಿಂದೆ ಹೋಗಿ ತುಂಬೋದು. ಪೇಪರ್ ಮೇಲೆ ಚೆನ್ನಾಗೇ ನಡೀತು. ಮೊಬೈಲ್ ಕೀಪ್ಯಾಡಲ್ಲಿ ಖಾಲಿ ಮನೆ ಬಿಡೋದು ಹೇಗೆ ಅಂತ ಇನ್ನೂ ಯೋಚ್ನೆ ಮಾಡ್ತಿದ್ದಾರೆ.

ಅಂಗಡೀಲಿ ಹೊಸಬ್ರನ್ನ ಗುರುತು ಹಿಡಿಯೋದು ಸುಲಭ. ಎಷ್ಟಾಯ್ತು ಅಂತ ಕೇಳಿಸ್ಕೊಳ್ಳೋ ಗೋಜಿಗೇ ಹೋಗಲ್ಲ, ಗಂಭೀರವಾಗಿ ತಲೆ ಆಡಿಸಿ 10 ಯೂರೋ ನೋಟು ಮುಂದೆ ಇಡ್ತಾರೆ. ನಮ್ಮನೇಲಿ ಚಿಲ್ರೆ ತುಂಬಿದ ಹಾರ್ಲಿಕ್ಸ್ ಬಾಟ್ಲಿಗಳ ಸಾಲೇ ಇದೆ.

ಇನ್ನು ಟೈಮು. ನಮಗೆ ಮೂರೂವರೆ ಅಂದ್ರೆ ಮೂರಾಗಿ ಅರ್ಧ, ಅವ್ರಿಗೆ ಅದು ಹಾಲ್ಪ್ ಫಿಯರ್, ಅಂದ್ರೆ 'ಅರ್ಧ ನಾಲ್ಕು', ನಾಲ್ಕಕ್ಕೆ ಹೋಗೋ ದಾರೀಲಿ ಅರ್ಧ. ದಾವಣಗೆರೆಯ ಸ್ನೇಹಿತರೊಬ್ಬರನ್ನ ಆಫೀಸಿನವ್ರು ಹಾಲ್ಪ್ ಫಿಯರ್‌ಗೆ ಕಾಫಿ ಕೇಕಿಗೆ ಕರೆದಿದ್ರು. ಇವ್ರು ರೇಷ್ಮೆ ಸೀರೆ, ಮೈಸೂರ್ ಪಾಕ್ ಸಮೇತ ನಾಲ್ಕೂವರೆಗೆ ಸರಿಯಾಗಿ ಬೆಲ್ ಮಾಡಿದಾಗ ಒಳಗೆ ತಟ್ಟೆ ತೊಳೀತಿದ್ರು. ಲೇಟಾಗಿ ಬಂದೋರು ಅಂತ ಹೆಸ್ರು ಬಂತು, ಪಾಪ, ಜೀವಮಾನದಲ್ಲೇ ಮೊದ್ಲನೇ ಸಲ ಟೈಮಿಗೆ ಹೊರಟಿದ್ರು!

ವಿಡಿಯೋ ಕಾಲಲ್ಲಿ ಈ ಗೋಳೆಲ್ಲ ಹೇಳ್ಕೊಂಡ್ರೆ ಅತ್ತೆಗೆ ಏನೂ ಅನ್ನಿಸ್ಲೇ ಇಲ್ಲ. "ಅದ್ರಲ್ಲೇನಿದೆ? ಗಣಪತಿ ಹಬ್ಬಕ್ಕೆ ಏಕವಿಂಶತಿ ಪತ್ರ ಪೂಜೆ ಮಾಡಲ್ವಾ, ಏಕ ಮೊದ್ಲು, ವಿಂಶತಿ ಆಮೇಲೆ." ಮಾತು ನಿಜವೇ. ಆದ್ರೆ ಭಟ್ರು ಯಾವತ್ತೂ ಪತ್ರೆ ನಂಬರ್ ಬರ್ಕೊಂಡು ವಾಪಸ್ ಫೋನ್ ಮಾಡಿ ಅಂದವ್ರಲ್ಲ.

ಈ ಉಲ್ಟಾ ಲೆಕ್ಕ ಜರ್ಮನ್ನರಿಗೂ ಕೆಲವ್ರಿಗೆ ಸಾಕಾಗಿದೆ. ಬೋಖುಮ್ ಊರಲ್ಲಿ 2004ರಲ್ಲಿ ತ್ಸ್ವಾನ್‌ತ್ಸಿಶ್‌ಐನ್ಸ್ ಅಂತ ಒಂದು ಸಂಘಾನೇ ಹುಟ್ಟಿದೆ, ಇಪ್ಪತ್ತು-ಒಂದು ಅಂತ ಹೇಳೋಕೂ ಬಿಡಿ ಅನ್ನೋದು ಅವ್ರ ಬೇಡಿಕೆ. ನಾರ್ವೆಯವ್ರು 1951ರಲ್ಲೇ ಸರ್ಕಾರಿ ಆದೇಶ ಹೊರಡಿಸಿ ಹತ್ತನ್ನ ಮುಂದಕ್ಕೆ ತಂದ್ರು, ಅದಕ್ಕೂ ಟೆಲಿಫೋನ್ ನಂಬರ್‌ಗಳ ಕಾಟಾನೇ ಕಾರಣ. ನಮ್ಮ ಪಕ್ಕದ್ಮನೆ ಜರ್ಮನ್ ಅಜ್ಜಿಗೆ ಈ ಸಂಘದ ವಿಷಯ ಹೇಳಿದ್ರೆ ಮುಖ ಸಿಂಡರಿಸಿದ್ರು, ಈಗಿರೋದ್ರಲ್ಲಿ ಏನು ಕಷ್ಟ, ಚಿಕ್ಕ ಮಕ್ಳೂ ಹೇಳ್ತಾರಲ್ಲ ಅಂದ್ರು. ಆಮೇಲೆ ಪ್ಲಂಬರ್ ನಂಬರ್ ಕೊಡುವಾಗ ಮಾತ್ರ ಕನ್ನಡಕ ಏರಿಸ್ಕೊಂಡು ಒಂದೊಂದೇ ಅಂಕಿ ಬಿಡಿಬಿಡಿಯಾಗಿ ಓದಿದ್ರು, ಎರಡರ ತ್ಸ್ವಾಯ್, ಮೂರರ ದ್ರಾಯ್ ಒಂದೇ ತರ ಕೇಳ್ಸುತ್ತೆ ಅಂತ ಎರಡಕ್ಕೆ ತ್ಸ್ವೋ ಅಂದ್ರು, ಮುಗಿದ್ಮೇಲೆ ಎಲ್ಲಿ, ಬರೆದಿದ್ದನ್ನ ತೋರ್ಸು ಅಂತ ನನ್ನ ಚೀಟಿ ಇಸ್ಕೊಂಡು ಇನ್ನೊಂದ್ಸಲ ತಾಳೆ ನೋಡಿದ್ರು.